ಕರಗುವ ಆರ್ಕ್ಟಿಕ್‌ಗೂ ಉತ್ತರದ ಚಳಿಗಾಲಕ್ಕೂ ಇರುವ ನಂಟು ಎಷ್ಟು ಗಟ್ಟಿ?

ಫಿನ್‌ಲೆಂಡ್‌ನ ಉತ್ತರ ಭಾಗದಲ್ಲಿ, ಆರ್ಕ್ಟಿಕ್ ವೃತ್ತಕ್ಕಿಂತಲೂ ಮೇಲೆ, ಪಲ್ಲಾಸ್ ಎಂಬ ಜಾಗವಿದೆ. 2018ರ ಫೆಬ್ರುವರಿಯಲ್ಲಿ ಅಲ್ಲಿ ಉಪಕರಣವೊಂದು ಹೊರಗಿನ ಗಾಳಿಯನ್ನು ಒಳಗೆಳೆದುಕೊಂಡು, ಅದರಲ್ಲಿದ್ದ ನೀರಾವಿಯನ್ನು ಲೇಸರ್ ಕಿರಣದಿಂದ ಪರೀಕ್ಷಿಸುತ್ತಿತ್ತು. ನೀರಿನ ಅಣುಗಳೆಲ್ಲ ಒಂದೇ ತೂಕದವಲ್ಲ. ಸಾಧಾರಣ ಅಣುಗಳ ನಡುವೆ ಭಾರದ ಹೈಡ್ರೋಜನ್ ಅಥವಾ ಭಾರದ ಆಕ್ಸಿಜನ್ ಹೊತ್ತ ಕೆಲವು ಅಣುಗಳೂ ಇರುತ್ತವೆ. ಕೊರೆಯುವ ಒಣಗಾಳಿ ತೆರೆದ ಸಮುದ್ರದ ಮೇಲೆ ಬೀಸಿ ನೀರನ್ನು ಸರಸರನೆ ಆವಿಯಾಗಿಸಿದಾಗ ಈ ಭಾರದ ಮತ್ತು ಹಗುರ ಅಣುಗಳ ಲೆಕ್ಕದಲ್ಲಿ ಒಂದು ವಿಶಿಷ್ಟ ಗುರುತು ಉಳಿದುಬಿಡುತ್ತದೆ. ಆವಿ ಎಂಥ ಜಾಗದಿಂದ ಎದ್ದು ಬಂತೆಂಬುದನ್ನು ಆ ಗುರುತಿನಿಂದ ಪತ್ತೆಹಚ್ಚಬಹುದು.

ಆ ದಿನಗಳಲ್ಲಿ ಸೈಬೀರಿಯಾ ಕಡೆಯಿಂದ ನುಗ್ಗಿದ ಶೀತಗಾಳಿ ಯುರೋಪಿನ ಬಹುಭಾಗವನ್ನು ಹಿಮದಲ್ಲಿ ಹೂತಿತ್ತು. ರೋಮ್ ನಗರದಲ್ಲಿ ಕೂಡ ಹಿಮ ಬಿತ್ತು. ಬ್ರಿಟನ್ನಿನ ಪತ್ರಿಕೆಗಳು ಅದಕ್ಕೆ ‘ಪೂರ್ವದಿಂದ ಬಂದ ಮೃಗ’ ಎಂದು ಹೆಸರಿಟ್ಟವು. ಔಲು ವಿಶ್ವವಿದ್ಯಾಲಯದ ಹನ್ನಾ ಬೇಲಿ ಮತ್ತು ಸಂಗಡಿಗರು ಪಲ್ಲಾಸ್‌ನ ಅಳತೆಗಳನ್ನು ಆಧರಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆಗ ನಾರ್ವೆ ಮತ್ತು ರಷ್ಯಾದ ಉತ್ತರಕ್ಕಿರುವ ಬ್ಯಾರೆಂಟ್ಸ್ ಸಮುದ್ರದ ಶೇ 60ರಷ್ಟು ಭಾಗ ಮಂಜುಗಡ್ಡೆಯಿಲ್ಲದೆ ತೆರೆದುಕೊಂಡಿತ್ತು. ಆ ತೆರೆದ ನೀರಿನಿಂದ ದಿನಕ್ಕೆ 9.3 ಮಿಲಿಮೀಟರ್‌ವರೆಗೂ ನೀರು ಆವಿಯಾಗಿ ಗಾಳಿಗೆ ಸೇರಿತು. ಆ ಒಂದು ಶೀತಗಾಳಿಯ ಅವಧಿಯಲ್ಲಿ ಹೀಗೆ ಎದ್ದ ನೀರು ಒಟ್ಟು ಸುಮಾರು 14,000 ಕೋಟಿ ಟನ್. ನಮ್ಮ ಕೃಷ್ಣರಾಜಸಾಗರದ ಸಾಮರ್ಥ್ಯ 49.45 ಟಿಎಂಸಿ ಅಡಿ. ಅಂಥ ಅಣೆಕಟ್ಟನ್ನು ನೂರು ಸಲ ತುಂಬಿಸಬಹುದಾದಷ್ಟು ನೀರು ಅದು. ಉತ್ತರ ಯುರೋಪಿನಲ್ಲಿ ಆಗ ಬಿದ್ದ ಹೊಸ ಹಿಮದ ಶೇ 88ರವರೆಗಿನ ಪಾಲು ಈ ಸಮುದ್ರದಿಂದಲೇ ಬಂದಿರಬಹುದೆಂದು ಅವರು ಅಂದಾಜು ಮಾಡಿದ್ದಾರೆ.

ಧ್ರುವದ ಮಂಜುಗಡ್ಡೆ ಕರಗುವುದಕ್ಕೂ ದೂರದ ಊರುಗಳ ಚಳಿಗಾಲಕ್ಕೂ ಸಂಬಂಧವಿದೆ ಎಂದು ಹೇಳುವ ಅಧ್ಯಯನಗಳು ಬಹಳ ಇವೆ. ನಾನು ಇದನ್ನು ಮೊದಲಿಗೆ ಇಟ್ಟುಕೊಂಡದ್ದಕ್ಕೆ ಕಾರಣವಿದೆ. ಇಲ್ಲಿ ನೀರು ಎದ್ದ ಜಾಗ ಗೊತ್ತು, ಅದು ಸಾಗಿದ ದಾರಿಯನ್ನು ಅಳೆಯಲಾಗಿದೆ, ಬಿದ್ದ ನೆಲವೂ ಕಣ್ಣೆದುರಿಗಿದೆ. ಆದರೆ ಪತ್ರಿಕೆಗಳಲ್ಲಿ, ಟಿವಿಯಲ್ಲಿ ಹೆಚ್ಚು ಕೇಳಿಬರುವುದು ಇದಲ್ಲ. ಮಂಜುಗಡ್ಡೆ ಕರಗಿ ಜೆಟ್ ಸ್ಟ್ರೀಮ್ (ಎತ್ತರದಲ್ಲಿ ಹರಿಯುವ ವೇಗದ ಗಾಳಿಯ ಪಟ್ಟಿ) ಬಳುಕಿತು, ಧ್ರುವ ಸುಳಿ (ಧ್ರುವದ ಸುತ್ತ ತಿರುಗುವ ತಣ್ಣನೆಯ ಗಾಳಿ) ಒಡೆಯಿತು, ಹಾಗಾಗಿ ಅಮೆರಿಕ ಹೆಪ್ಪುಗಟ್ಟಿತು ಎಂಬ ಮಾತು. ಈ ಮಾತಿನ ಒಂದೊಂದು ಕೊಂಡಿಯ ಹಿಂದೆಯೂ ಗಂಭೀರವಾದ ವಿಜ್ಞಾನವಿದೆ, ಆದರೆ ಎಲ್ಲ ಕೊಂಡಿಗಳೂ ಒಂದೇ ಸಮನೆ ಗಟ್ಟಿಯಲ್ಲ. ಯಾವುದು ಗಟ್ಟಿ, ಯಾವುದು ಸಡಿಲ ಎಂಬುದನ್ನು ಬಿಡಿಸಿ ನೋಡದೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದ ನಷ್ಟವಾಗುವುದು ವಿಜ್ಞಾನದ ಮೇಲಿನ ಜನರ ನಂಬಿಕೆಗೇ.

ಮೊದಲು ಮಂಜುಗಡ್ಡೆಯನ್ನೇ ಹತ್ತಿರದಿಂದ ನೋಡೋಣ. ಉಪ್ಪುನೀರು ಹೆಪ್ಪುಗಟ್ಟುವುದು ಸೊನ್ನೆಯಲ್ಲಿ ಅಲ್ಲ, ಸುಮಾರು ಮೈನಸ್ 1.8 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಶರತ್ಕಾಲದ ಚಳಿಗೆ ನೀರಿನಲ್ಲಿ ಮೊದಲು ಸೂಜಿಯಂಥ ಸಣ್ಣ ಹರಳುಗಳು ಮೂಡುತ್ತವೆ. ಅವು ಒತ್ತೊತ್ತಾಗಿ ಸೇರಿದಾಗ ಸಮುದ್ರದ ಮೇಲ್ಮೈ ಗಂಜಿಯಂತೆ ಮಂದವಾಗಿ, ಎಣ್ಣೆ ಚೆಲ್ಲಿದಂಥ ಮಂಕು ಹೊಳಪು ಪಡೆಯುತ್ತದೆ. ಆಮೇಲೆ ಅದು ಹಾಳೆಯಾಗಿ, ಗಡ್ಡೆಯಾಗಿ, ತನ್ನೊಳಗಿನ ಉಪ್ಪನ್ನು ಕೆಳಕ್ಕೆ ಕಳಚುತ್ತ ದಪ್ಪವಾಗುತ್ತದೆ. ನಡುಚಳಿಗಾಲದಲ್ಲಿ ಗಡ್ಡೆಯ ಮೇಲಿನ ಗಾಳಿ ಮೈನಸ್ 30 ಡಿಗ್ರಿಗೆ ಇಳಿದಿದ್ದರೂ ಕೆಳಗಿನ ನೀರು ಮೈನಸ್ 1.8ರಲ್ಲೇ ಇರುತ್ತದೆ. ಅಂದರೆ ಆ ಗಡ್ಡೆ ಬಿಸಿ ಪಾತ್ರೆಯ ಮೇಲಿಟ್ಟ ಮುಚ್ಚಳ. ಎಲ್ಲಾದರೂ ಬಿರುಕು ಬಿಟ್ಟು ನೀರು ಕಾಣಿಸಿಕೊಂಡರೆ ಆ ಸೀಳಿನುದ್ದಕ್ಕೂ ಅನ್ನದ ತಪ್ಪಲೆಯಿಂದ ಏಳುವಂತೆ ಬೆಳ್ಳನೆಯ ಹಬೆ ಏಳುತ್ತದೆ. ಧ್ರುವ ಪ್ರದೇಶದ ನಾವಿಕರು ಇದನ್ನು ಸಮುದ್ರದ ಹೊಗೆ ಎನ್ನುತ್ತಾರೆ. ಮುಚ್ಚಳ ಸಣ್ಣದಾದಷ್ಟೂ, ತೆಳುವಾದಷ್ಟೂ ಈ ಶಾಖ ಮತ್ತು ಹಬೆ ಗಾಳಿಗೆ ಸೇರುವುದು ಹೆಚ್ಚು.

ಮುಚ್ಚಳ ಎಷ್ಟು ಸಣ್ಣದಾಗಿದೆ? ಉಪಗ್ರಹಗಳ ನಿರಂತರ ದಾಖಲೆ 1979ರಿಂದ ಇದೆ. ಬೇಸಿಗೆಯ ಕೊನೆಗೆ, ಸೆಪ್ಟೆಂಬರ್‌ನಲ್ಲಿ, ಆರ್ಕ್ಟಿಕ್ ಮಂಜುಗಡ್ಡೆ ವರ್ಷದಲ್ಲೇ ಅತಿ ಕಡಿಮೆಯಾಗುತ್ತದೆ. 1981ರಿಂದ 2010ರವರೆಗಿನ ಸರಾಸರಿಯಲ್ಲಿ ಆ ಕನಿಷ್ಠ ಮಟ್ಟ ಸುಮಾರು 62 ಲಕ್ಷ ಚದರ ಕಿಲೋಮೀಟರ್ ಇತ್ತು. 2012ರಲ್ಲಿ ಅದು 34 ಲಕ್ಷಕ್ಕೆ ಇಳಿಯಿತು. ನಡುವಿನ ವ್ಯತ್ಯಾಸದಲ್ಲಿ ಹದಿನಾಲ್ಕು ಕರ್ನಾಟಕಗಳು ಹಿಡಿಸುತ್ತವೆ. 2012ರ ಆ ದಾಖಲೆ 2025ರವರೆಗೂ ಮುರಿದಿಲ್ಲ ಎಂಬುದನ್ನೂ ಹೇಳಲೇಬೇಕು, ಏಕೆಂದರೆ ಇಳಿಕೆ ವರ್ಷದಿಂದ ವರ್ಷಕ್ಕೆ ನೇರ ಗೆರೆಯಲ್ಲಿ ಸಾಗುವುದಿಲ್ಲ. ಆದರೆ 2025ರ ಮಾರ್ಚ್‌ನಲ್ಲಿ ಚಳಿಗಾಲದ ಗರಿಷ್ಠ ವಿಸ್ತೀರ್ಣ 143 ಲಕ್ಷ ಚದರ ಕಿಲೋಮೀಟರ್‌ಗೆ ನಿಂತು, ಅಲ್ಲಿಯವರೆಗಿನ ಉಪಗ್ರಹ ದಾಖಲೆಯಲ್ಲೇ ಅತಿ ಕಡಿಮೆ ಎನಿಸಿತು. ದಪ್ಪದ ಕಥೆ ಇನ್ನೂ ಕೆಟ್ಟದ್ದು. ನಾಲ್ಕು ವರ್ಷಕ್ಕಿಂತ ಹಳೆಯದಾದ ದಪ್ಪ, ಗಟ್ಟಿ ಗಡ್ಡೆ 1980ರ ದಶಕದ ಮಧ್ಯದಲ್ಲಿ ಚಳಿಗಾಲದ ಕೊನೆಗೆ ಒಟ್ಟು ಗಡ್ಡೆಯ ಮೂರರಲ್ಲಿ ಒಂದು ಪಾಲಿನಷ್ಟಿತ್ತು. ಈಗ ಅದು ಶೇ 5ರ ಒಳಗೆ. ಡಿರ್ಕ್ ನೋಟ್ಸ್ ಮತ್ತು ಜೂಲಿಯೆನ್ ಸ್ಟ್ರೋವ್ 2016ರಲ್ಲಿ ತೋರಿಸಿದ ಲೆಕ್ಕ ಮನಸ್ಸಿಗೆ ನಾಟುವಂಥದು: ನಾವು ಗಾಳಿಗೆ ಬಿಡುವ ಪ್ರತಿ ಒಂದು ಟನ್ ಕಾರ್ಬನ್ ಡೈಆಕ್ಸೈಡ್‌ಗೆ ಸೆಪ್ಟೆಂಬರ್‌ನ ಮಂಜುಗಡ್ಡೆಯಲ್ಲಿ ಸುಮಾರು 3 ಚದರ ಮೀಟರ್ ಇಲ್ಲವಾಗುತ್ತದೆ. ಜೋಡಿ ಚಾಪೆ ಹಾಸುವಷ್ಟು ಜಾಗ ಅದು.

ಹಿಮ ಹೊದ್ದ ಗಡ್ಡೆ ತನ್ನ ಮೇಲೆ ಬಿದ್ದ ಬಿಸಿಲಿನ ಶೇ 80ಕ್ಕೂ ಹೆಚ್ಚನ್ನು ಹಿಂದಕ್ಕೆ ಕಳಿಸುತ್ತದೆ. ತೆರೆದ ಕಪ್ಪು ನೀರು ಶೇ 90ಕ್ಕೂ ಹೆಚ್ಚನ್ನು ಹೀರಿಕೊಳ್ಳುತ್ತದೆ. ಹೀಗಾಗಿ ಗಡ್ಡೆ ಕರಗಿದ ಕಡೆ ಸಮುದ್ರ ಬೇಸಿಗೆಯಿಡೀ ಶಾಖವನ್ನು ಕೂಡಿಡುತ್ತ ಹೋಗಿ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಸೂರ್ಯನಿಲ್ಲದ ಕತ್ತಲೆಯಲ್ಲಿ ಅದನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಕರಗುವುದು ಬೇಸಿಗೆಯಲ್ಲಾದರೂ ಅದರ ಪರಿಣಾಮ ಹೆಚ್ಚಾಗಿ ಚಳಿಗಾಲದಲ್ಲಿ ತಟ್ಟುವುದು ಈ ಕಾರಣಕ್ಕೆ. 1979ರಿಂದ ಈಚೆಗೆ ಆರ್ಕ್ಟಿಕ್ ಪ್ರದೇಶ ಇಡೀ ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ ಎಂದು ಫಿನ್‌ಲೆಂಡ್‌ನ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2022ರಲ್ಲಿ ತೋರಿಸಿದರು. ಮಂಜುಗಡ್ಡೆಯ ನಷ್ಟ ಇದಕ್ಕೆ ದೊಡ್ಡ ಕಾರಣ, ಆದರೆ ಏಕೈಕ ಕಾರಣವಲ್ಲ.

ಇಲ್ಲಿಯವರೆಗೆ ಹೇಳಿದ್ದರಲ್ಲಿ ವಿಜ್ಞಾನಿಗಳ ನಡುವೆ ತಕರಾರಿಲ್ಲ. ತಕರಾರು ಶುರುವಾಗುವುದು ಈ ಶಾಖ ಆರ್ಕ್ಟಿಕ್ ದಾಟಿ ಸಾವಿರಾರು ಕಿಲೋಮೀಟರ್ ದಕ್ಷಿಣದ ನಗರಗಳ ಹವೆಯನ್ನು ಹೇಗೆ ಕದಲಿಸುತ್ತದೆ ಎಂಬಲ್ಲಿ.

ಧ್ರುವದ ತಣ್ಣನೆಯ ಗಾಳಿಗೂ ಉಷ್ಣವಲಯದ ಬಿಸಿ ಗಾಳಿಗೂ ನಡುವೆ ಇರುವ ತಾಪಮಾನದ ಅಂತರವೇ ಜೆಟ್ ಸ್ಟ್ರೀಮ್‌ನ ಇಂಧನ. ಒಂಬತ್ತರಿಂದ ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಭೂಮಿಯನ್ನು ಸುತ್ತುವ ಈ ವೇಗದ ಗಾಳಿಯ ಪಟ್ಟಿ ನೇರವಾಗಿ ಹರಿಯುವುದಿಲ್ಲ. ಉತ್ತರ-ದಕ್ಷಿಣಕ್ಕೆ ದೊಡ್ಡ ದೊಡ್ಡ ಅಲೆಗಳಾಗಿ ಬಳುಕುತ್ತದೆ. ಈ ಅಲೆಗಳಿಗೆ ಸ್ವೀಡನ್ ಮೂಲದ ಹವಾಮಾನ ವಿಜ್ಞಾನಿ ಕಾರ್ಲ್-ಗುಸ್ತಾಫ್ ರಾಸ್ಬಿ ಅವರ ಹೆಸರಿದೆ. ಅಲೆ ದಕ್ಷಿಣಕ್ಕೆ ತಗ್ಗಿದ ಕಡೆ ಧ್ರುವದ ಚಳಿ ಇಳಿದುಬರುತ್ತದೆ, ಉತ್ತರಕ್ಕೆ ಉಬ್ಬಿದ ಕಡೆ ಬೆಚ್ಚನೆಯ ಗಾಳಿ ಏರಿಹೋಗುತ್ತದೆ. ಜೆನಿಫರ್ ಫ್ರಾನ್ಸಿಸ್ ಮತ್ತು ಸ್ಟೀಫನ್ ವಾವ್ರಸ್ 2012ರಲ್ಲಿ ಮುಂದಿಟ್ಟ ವಾದ ಸರಳವಾಗಿತ್ತು, ಆಕರ್ಷಕವೂ ಆಗಿತ್ತು. ಆರ್ಕ್ಟಿಕ್ ಬೇಗ ಬಿಸಿಯಾದರೆ ಈ ಅಂತರ ಕಡಿಮೆಯಾಗುತ್ತದೆ, ಅಂತರ ಕಡಿಮೆಯಾದರೆ ಜೆಟ್ ನಿಧಾನವಾಗುತ್ತದೆ, ನಿಧಾನವಾದ ಜೆಟ್ ಬಯಲಿಗಿಳಿದ ಹೊಳೆಯಂತೆ ಹೆಚ್ಚು ಸುತ್ತು ಬಳಸಿ ಹರಿಯುತ್ತದೆ. ಅದರ ಅಲೆಗಳು ಒಂದೇ ಕಡೆ ಬೀಡುಬಿಟ್ಟು ಚಳಿಯೋ ಬಿಸಿಲೋ ಮಳೆಯೋ ವಾರಗಟ್ಟಲೆ ಕದಲದಂತಾಗುತ್ತದೆ.

ಈ ವಾದ ಜಗತ್ತಿನಾದ್ಯಂತ ಸುದ್ದಿಯಾಯಿತು. ಆದರೆ ಮರುವರ್ಷವೇ ಎಲಿಜಬೆತ್ ಬಾರ್ನ್ಸ್ ಅವರು, ಅಲೆಗಳ ಬಳುಕನ್ನು ಅಳೆಯುವ ವಿಧಾನ ಬದಲಿಸಿದರೆ ಅದರಲ್ಲಿ ಕಂಡಿದ್ದ ಹೆಚ್ಚಳ ಮಾಯವಾಗುತ್ತದೆ ಎಂದು ತೋರಿಸಿದರು. 2020ರಲ್ಲಿ ರಸೆಲ್ ಬ್ಲ್ಯಾಕ್‌ಪೋರ್ಟ್ ಮತ್ತು ಜೇಮ್ಸ್ ಸ್ಕ್ರೀನ್ ದಶಕಗಳ ದತ್ತಾಂಶವನ್ನು ಮತ್ತೆ ಜಾಲಾಡಿ, ಆರ್ಕ್ಟಿಕ್ ಬಿಸಿಯಾಗುತ್ತಲೇ ಹೋದರೂ ಅಲೆಗಳ ಬಳುಕು ಹೆಚ್ಚಾಗುತ್ತ ಹೋಗಿಲ್ಲ ಎಂದರು. ಇದರ ಹಿಂದಿನ ಭೌತಶಾಸ್ತ್ರ ಅರ್ಥವಾಗದಷ್ಟು ಕಠಿಣವೇನಲ್ಲ. ಆರ್ಕ್ಟಿಕ್‌ನ ಬಿಸಿ ಹೆಚ್ಚಾಗಿ ನೆಲಮಟ್ಟದಲ್ಲಿದೆ. ಹತ್ತು ಕಿಲೋಮೀಟರ್ ಮೇಲೆ, ಜೆಟ್ ಹರಿಯುವ ಎತ್ತರದಲ್ಲಿ, ಉಷ್ಣವಲಯದ ಗಾಳಿಯೇ ಹೆಚ್ಚು ಬಿಸಿಯಾಗುತ್ತಿದೆ. ಕೆಳಗೆ ಅಂತರ ತಗ್ಗುತ್ತಿದೆ, ಮೇಲೆ ಅಂತರ ಹಿಗ್ಗುತ್ತಿದೆ. ಈ ಹಗ್ಗಜಗ್ಗಾಟದಲ್ಲಿ ಯಾವ ಕಡೆ ಎಷ್ಟು ಬಲವೆಂಬುದು ಋತುವಿನಿಂದ ಋತುವಿಗೆ, ಸಾಗರದಿಂದ ಸಾಗರಕ್ಕೆ ಬದಲಾಗುತ್ತದೆ. ಫ್ರಾನ್ಸಿಸ್ ಅವರ ಊಹೆ ತಪ್ಪೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ, ಏಕೆಂದರೆ ಒಂದು ಇಡೀ ತಲೆಮಾರಿನ ಸಂಶೋಧನೆಗೆ ದಾರಿ ಮಾಡಿದ ಪ್ರಶ್ನೆ ಅದು. ಆದರೆ ಸಾಬೀತಾದ ಸಂಗತಿಯೆಂಬಂತೆ ಅದನ್ನು ಹೇಳುವ ಕಾಲ ಇನ್ನೂ ಬಂದಿಲ್ಲ.

ತೇವದ ದಾರಿ, ಜೆಟ್‌ನ ದಾರಿ ಎರಡೂ ಆದವು. ಮೂರನೆಯ ದಾರಿ ಇನ್ನೂ ಎತ್ತರದಲ್ಲಿದೆ. ನಾವಿರುವ ಪರಿವರ್ತನ ಮಂಡಲದ ಮೇಲೆ ಸಮೋಷ್ಣ ಮಂಡಲವಿದೆ. ಧ್ರುವದ ದೀರ್ಘ ರಾತ್ರಿಯಲ್ಲಿ ಅಲ್ಲಿನ ಗಾಳಿ ಅತಿಯಾಗಿ ತಣ್ಣಗಾಗಿ, ಧ್ರುವದ ಸುತ್ತ ಒಂದು ಬೃಹತ್ ಸುಳಿಯಾಗಿ ತಿರುಗುತ್ತಿರುತ್ತದೆ. ಇದೇ ಧ್ರುವ ಸುಳಿ. ಪ್ರತಿ ಚಳಿಗಾಲದಲ್ಲೂ ಅದು ಇದ್ದೇ ಇರುತ್ತದೆ. ‘ಧ್ರುವ ಸುಳಿ ಅಮೆರಿಕಕ್ಕೆ ಅಪ್ಪಳಿಸಿತು’ ಎಂದು ಸುದ್ದಿವಾಹಿನಿಗಳು ಹೇಳುವಾಗ ಅದೇನೋ ಹೊಸದಾಗಿ ಹುಟ್ಟಿದ ಚಂಡಮಾರುತವೆಂಬ ಭಾವನೆ ಬರುತ್ತದೆ, ಅದು ಸರಿಯಲ್ಲ. ಸುಳಿ ಜೋರಾಗಿ ತಿರುಗುತ್ತಿರುವವರೆಗೆ ಬುಗುರಿಯಂತೆ ನೆಟ್ಟಗೆ ನಿಂತು ಚಳಿಯನ್ನು ಧ್ರುವದಲ್ಲೇ ಕಟ್ಟಿಹಾಕುತ್ತದೆ. ಕೆಳಗಿನಿಂದ ದೊಡ್ಡ ಅಲೆಗಳು ಮೇಲಕ್ಕೆ ನುಗ್ಗಿ ಬಡಿದಾಗ ಅದರ ವೇಗ ಕುಗ್ಗಿ ಓಲಾಡುತ್ತದೆ, ಕೆಲವೊಮ್ಮೆ ಎರಡಾಗಿ ಸೀಳುತ್ತದೆ. ಆಗ ಸಮೋಷ್ಣ ಮಂಡಲದ ತಾಪಮಾನ ಕೆಲವೇ ದಿನಗಳಲ್ಲಿ ಹತ್ತಾರು ಡಿಗ್ರಿ ಏರುತ್ತದೆ. 1952ರಲ್ಲಿ ಬರ್ಲಿನ್‌ನಲ್ಲಿ ಬಲೂನುಗಳ ಅಳತೆಯಿಂದ ಇದನ್ನು ಮೊದಲು ಕಂಡವರು ರಿಚರ್ಡ್ ಶೆರ್‌ಹಾಗ್. ದಶಕಕ್ಕೆ ಸರಾಸರಿ ಆರು ಸಲ ಹೀಗಾಗುತ್ತದೆ, ಮತ್ತು ಅದರ ಪರಿಣಾಮ ಕೆಳಗಿಳಿದು ನೆಲದ ಹವೆಯನ್ನು ಮುಟ್ಟಲು ಒಂದೆರಡು ವಾರ ಹಿಡಿಯುತ್ತದೆ. 2018ರ ಫೆಬ್ರುವರಿ 12ರ ಸುಮಾರಿಗೆ ಸುಳಿ ಸೀಳಿತು. ಯುರೋಪಿನ ಆ ಹಿಮಪಾತ ಬಂದದ್ದು ಅದೇ ತಿಂಗಳ ಕೊನೆಯಲ್ಲಿ. 2019ರ ಜನವರಿಯ ಆರಂಭದಲ್ಲಿ ಮತ್ತೆ ಹಾಗಾಯಿತು. ಆ ತಿಂಗಳ 30ರಂದು ಷಿಕಾಗೊದಲ್ಲಿ ತಾಪಮಾನ ಮೈನಸ್ 30 ಡಿಗ್ರಿಗೆ ಇಳಿಯಿತು.

ಮಂಜುಗಡ್ಡೆಗೆ ಇದರಲ್ಲಿ ಏನು ಪಾತ್ರ? ಬ್ಯಾರೆಂಟ್ಸ್ ಮತ್ತು ಅದರ ಪೂರ್ವಕ್ಕಿರುವ ಕಾರಾ ಸಮುದ್ರಗಳಲ್ಲಿ ಗಡ್ಡೆ ಕಡಿಮೆಯಾದರೆ ಅಲ್ಲಿಂದ ಎದ್ದ ಶಾಖ ರಷ್ಯಾದ ಉರಲ್ ಪರ್ವತಗಳ ಮೇಲೆ ಅಧಿಕ ಒತ್ತಡದ ಗುಡ್ಡೆಯೊಂದನ್ನು ಬಲಪಡಿಸುತ್ತದೆ. ಅದು ಮೇಲಕ್ಕೆ ಅಲೆಗಳನ್ನು ಕಳಿಸಿ ಸುಳಿಯನ್ನು ದುರ್ಬಲಗೊಳಿಸುತ್ತದೆ, ಜೊತೆಗೆ ತನ್ನ ಪೂರ್ವದ ಅಂಚಿನಿಂದ ಧ್ರುವದ ಚಳಿಯನ್ನು ಏಷ್ಯಾದ ಒಳನಾಡಿಗೆ ಇಳಿಸುತ್ತದೆ ಎಂಬುದು ಒಂದು ಪಕ್ಷ. ಈ ಎರಡು ಸಮುದ್ರಗಳ ಗಡ್ಡೆ ಕಡಿಮೆಯಿದ್ದಾಗ ಮಧ್ಯ ಯುರೇಷ್ಯಾದಲ್ಲಿ ಕಡುಚಳಿಗಾಲದ ಸಂಭವ ಇಮ್ಮಡಿಯಾಗಿದೆ ಎಂದು ಜಪಾನಿನ ಮಸಾತೊ ಮೋರಿ ಮತ್ತು ಸಂಗಡಿಗರು 2014ರಲ್ಲಿ ಬರೆದರು. ಬ್ಲ್ಯಾಕ್‌ಪೋರ್ಟ್ ಮತ್ತು ಸಂಗಡಿಗರು 2019ರಲ್ಲಿ ಇದಕ್ಕೆ ಕೊಟ್ಟ ಉತ್ತರ ನನಗೆ ಬಹಳ ಜಾಣತನದ್ದೆನಿಸುತ್ತದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ಶಾಖ ಯಾವ ಕಡೆಗೆ ಹರಿಯುತ್ತಿದೆ? ಗಡ್ಡೆಯಿಲ್ಲದ ಸಮುದ್ರವೇ ಹವೆಯನ್ನು ಕದಲಿಸುತ್ತಿದ್ದರೆ ಶಾಖ ನೀರಿನಿಂದ ಗಾಳಿಗೆ ಹರಿಯಬೇಕು. ಏಷ್ಯಾ ಚಳಿಯಲ್ಲಿ ನಡುಗಿದ ಚಳಿಗಾಲಗಳಲ್ಲಿ ಅವರಿಗೆ ಕಂಡದ್ದು ಇದಕ್ಕೆ ತಿರುಗುಮುರುಗು. ಗಾಳಿಯೇ ಸಮುದ್ರವನ್ನು ಬೆಚ್ಚಗೆ ಮಾಡುತ್ತಿತ್ತು. ಅಂದರೆ ದಕ್ಷಿಣದಿಂದ ಬೆಚ್ಚನೆಯ ಗಾಳಿಯನ್ನು ಆರ್ಕ್ಟಿಕ್‌ಗೆ ಹೊತ್ತು ಗಡ್ಡೆಯನ್ನು ಕರಗಿಸಿದ ಗಾಳಿವ್ಯವಸ್ಥೆಯೇ ಇನ್ನೊಂದು ಮಗ್ಗುಲಿನಿಂದ ಚಳಿಯನ್ನು ಏಷ್ಯಾಕ್ಕೆ ಇಳಿಸಿತ್ತು. ಕಡಿಮೆ ಗಡ್ಡೆ ಮತ್ತು ಹೆಚ್ಚು ಚಳಿ ಒಂದೇ ತಾಯಿಯ ಇಬ್ಬರು ಮಕ್ಕಳು, ಒಂದು ಇನ್ನೊಂದರ ತಾಯಿಯಲ್ಲ. ಮೋರಿ ಅವರ ತಂಡ ಇದನ್ನು ಒಪ್ಪಿಲ್ಲ. ಕಂಪ್ಯೂಟರ್ ಮಾದರಿಗಳು ಸಮುದ್ರದ ಪ್ರಭಾವವನ್ನು ನಿಜಕ್ಕಿಂತ ಕಡಿಮೆ ತೋರಿಸುತ್ತಿವೆ ಎಂಬುದು ಅವರ ವಾದ.

ಈ ಜಗಳವನ್ನು ಬಗೆಹರಿಸಲೆಂದೇ ಜಗತ್ತಿನ ಹಲವು ಹವಾಮಾನ ಕೇಂದ್ರಗಳು ಒಂದೇ ಪ್ರಯೋಗವನ್ನು ತಮ್ಮ ತಮ್ಮ ಮಾದರಿಗಳಲ್ಲಿ ಮಾಡಿ ನೋಡಿದವು: ಬೇರೆಲ್ಲವನ್ನೂ ಹಾಗೇ ಬಿಟ್ಟು, ಮಂಜುಗಡ್ಡೆಯನ್ನು ಮಾತ್ರ ತೆಗೆದರೆ ಏನಾಗುತ್ತದೆ? ಬ್ರಿಟನ್ನಿನ ಹವಾಮಾನ ಇಲಾಖೆಯ ಡಗ್ ಸ್ಮಿತ್ ನೇತೃತ್ವದಲ್ಲಿ 16 ಮಾದರಿಗಳ ಫಲಿತಾಂಶ 2022ರಲ್ಲಿ ಹೊರಬಂತು. ಎಲ್ಲ ಮಾದರಿಗಳೂ ಒಂದೇ ದಿಕ್ಕಿಗೆ ಬೆರಳು ತೋರಿದವು. ಪಶ್ಚಿಮದ ಗಾಳಿಗಳು ತುಸು ದುರ್ಬಲವಾಗುತ್ತವೆ, ಜೆಟ್ ದಕ್ಷಿಣಕ್ಕೆ ತುಸು ಸರಿಯುತ್ತದೆ. ಆದರೆ ಆ ಬದಲಾವಣೆ ಒಂದು ವರ್ಷಕ್ಕೂ ಇನ್ನೊಂದು ವರ್ಷಕ್ಕೂ ಸಹಜವಾಗಿಯೇ ಇರುವ ಏರುಪೇರಿನ ಮುಂದೆ ಸಣ್ಣದು. ಮಾದರಿಗಳು ಪರಿಣಾಮವನ್ನು ಕಡಿಮೆ ತೋರಿಸುತ್ತಿವೆ ಎಂದಿಟ್ಟುಕೊಂಡು ಸರಿಪಡಿಸಿದರೂ ದೊಡ್ಡದೇನಲ್ಲ. ಪರಿಣಾಮ ಇದೆ, ಅದು ದುರ್ಬಲ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2021ರ ವರದಿಯಲ್ಲಿ ಈ ನಂಟಿನ ಬಗ್ಗೆ ತನಗಿರುವ ವಿಶ್ವಾಸ ಕಡಿಮೆ ಎಂದೇ ದಾಖಲಿಸಿದೆ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು 2021ರ ಫೆಬ್ರುವರಿಯ ಟೆಕ್ಸಸ್‌ಗೆ ಬರೋಣ. ಡಾಲಸ್, ಹ್ಯೂಸ್ಟನ್, ಆಸ್ಟಿನ್ ಊರುಗಳಲ್ಲಿ ಕನ್ನಡದ ಕುಟುಂಬಗಳು ಬಹಳ ಇರುವುದರಿಂದ ಆ ವಾರದ ಸುದ್ದಿ ನಮ್ಮ ಅನೇಕ ಮನೆಗಳಿಗೆ ಟಿವಿಗಿಂತ ಮೊದಲೇ ಫೋನಿನಲ್ಲಿ ಬಂತು. ಆಸ್ಟಿನ್‌ನಲ್ಲಿರುವ ನನ್ನ ಅಕ್ಕನ ಮಗಳು ಮೊಬೈಲಿನಲ್ಲಿ ಉಳಿದಿದ್ದ ಚೂರು ಚಾರ್ಜಿನಲ್ಲೇ ಮಾತಾಡಿದ್ದಳು. “ಮಾಮ, ಕರೆಂಟ್ ಹೋಗಿ ಎರಡು ದಿನ ಆಯ್ತು, ನಲ್ಲೀಲೂ ನೀರಿಲ್ಲ. ಹಿತ್ತಲ ಹಿಮಾನೇ ಪಾತ್ರೆಗೆ ತುಂಬಿ ಗ್ಯಾಸ್ ಮೇಲೆ ಇಟ್ಟಿದೀವಿ. ದೊಡ್ಡ ಪಾತ್ರೆ ತುಂಬ ಇಟ್ರೂ ಒಂದು ಚೊಂಬು ನೀರು ಬರತ್ತೆ ಅಷ್ಟೆ.” ಡಾಲಸ್‌ನಲ್ಲಿ ಆ ವಾರ ತಾಪಮಾನ ಮೈನಸ್ 19 ಡಿಗ್ರಿಗೆ ಇಳಿದಿತ್ತು. 45 ಲಕ್ಷಕ್ಕೂ ಹೆಚ್ಚು ಮನೆಗಳು ಮತ್ತು ಅಂಗಡಿಗಳು ಕತ್ತಲಲ್ಲಿದ್ದವು. ಸರ್ಕಾರದ ಲೆಕ್ಕದಲ್ಲೇ 246 ಜನ ಸತ್ತರು. ಹೆಚ್ಚಿನವರನ್ನು ಕೊಂದದ್ದು ಚಳಿ. ಬೆಚ್ಚಗಾಗಲು ಮುಚ್ಚಿದ ಜಾಗದಲ್ಲಿ ಕಾರು ಚಾಲು ಮಾಡಿ, ಇದ್ದಿಲು ಉರಿಸಿ ಕಾರ್ಬನ್ ಮಾನಾಕ್ಸೈಡ್ ವಿಷಕ್ಕೆ ಬಲಿಯಾದವರೂ ಇದ್ದರು.

ಆ ವರ್ಷ ಜನವರಿ 5ರಂದು ಧ್ರುವ ಸುಳಿ ಕುಸಿದಿತ್ತು. ಫೆಬ್ರುವರಿಯಲ್ಲಿ ಸುಳಿ ಉತ್ತರ ಅಮೆರಿಕದ ಕಡೆಗೆ ಹಿಗ್ಗಿತು. ಈ ರೀತಿ ಹಿಗ್ಗುವುದು ಹೆಚ್ಚಾಗುತ್ತಿದೆ, ಅದಕ್ಕೆ ಆರ್ಕ್ಟಿಕ್‌ನ ಬದಲಾವಣೆ ಕಾರಣ ಎಂದು ಜೂಡಾ ಕೋಹೆನ್ ಮತ್ತು ಸಂಗಡಿಗರು ಅದೇ ವರ್ಷ ವಾದಿಸಿದರು. ಇರಬಹುದು, ಬೇರೆ ಸಂಶೋಧಕರು ಇದನ್ನು ಪ್ರಶ್ನಿಸಿದ್ದಾರೆ. ಆದರೆ ಟೆಕ್ಸಸ್‌ನಲ್ಲಿ ಜನ ಸತ್ತದ್ದಕ್ಕೆ ಕಾರಣ ಹುಡುಕುವವರು ಧ್ರುವದವರೆಗೆ ಹೋಗಬೇಕಿಲ್ಲ. 1989ರಲ್ಲಿ ಮತ್ತು 2011ರಲ್ಲಿ ಇಂಥದ್ದೇ ಚಳಿ ಬಂದು ವಿದ್ಯುತ್ ಸ್ಥಾವರಗಳು ನಿಂತುಹೋಗಿದ್ದವು. 2011ರ ನಂತರ ಅಮೆರಿಕದ ಕೇಂದ್ರ ವಿದ್ಯುತ್ ನಿಯಂತ್ರಕರು ತನಿಖೆ ಮಾಡಿ, ಸ್ಥಾವರಗಳನ್ನೂ ಗ್ಯಾಸ್ ಬಾವಿಗಳನ್ನೂ ಚಳಿ ತಡೆಯುವಂತೆ ಹೊದಿಸಿ ಸಿದ್ಧಗೊಳಿಸಬೇಕೆಂದು ಬರೆದುಕೊಟ್ಟಿದ್ದರು. ಅದನ್ನು ಕಡ್ಡಾಯ ಮಾಡಲಿಲ್ಲ. ಹತ್ತು ವರ್ಷದ ನಂತರ ಗ್ಯಾಸ್ ಬಾವಿಗಳು, ಕೊಳವೆಗಳು ಹೆಪ್ಪುಗಟ್ಟಿದವು, ಗಾಳಿಯಂತ್ರಗಳೂ ನಿಂತವು, ಒಂದು ಅಣುಸ್ಥಾವರದ ಒತ್ತಡ ಅಳೆಯುವ ಸಣ್ಣ ಕೊಳವೆ ಹೆಪ್ಪುಗಟ್ಟಿದ್ದಕ್ಕೆ ಇಡೀ ಘಟಕವೇ ಸ್ಥಗಿತವಾಯಿತು. ರಾಜ್ಯದ ವಿದ್ಯುತ್ ಜಾಲ ಸಂಪೂರ್ಣ ಕುಸಿಯಲು 4 ನಿಮಿಷ 37 ಸೆಕೆಂಡ್ ಮಾತ್ರ ಉಳಿದಿತ್ತೆಂದು ಅದನ್ನು ನಡೆಸುವವರೇ ಆಮೇಲೆ ತಿಳಿಸಿದರು. ಚಳಿಗೆ ಸಿದ್ಧತೆ ಕಡ್ಡಾಯವಾದದ್ದು 2021ರ ಕಾನೂನಿನಿಂದ. ‘ಹವಾಮಾನ ಬದಲಾವಣೆ ಮಾಡಿದ್ದು’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರೆ ಈ ಹತ್ತು ವರ್ಷದ ನಿರ್ಲಕ್ಷ್ಯ ಕಣ್ಮರೆಯಾಗುತ್ತದೆ. ನನಗೆ ಸಿಟ್ಟು ಬರುವುದು ಅಲ್ಲಿ.

ಭೂಮಿ ಬಿಸಿಯಾಗುತ್ತಿದೆ ಎಂಬುದನ್ನೇ ಒಪ್ಪದವರ ತಪ್ಪು ಇನ್ನೂ ದೊಡ್ಡದು. 2015ರ ಫೆಬ್ರುವರಿಯಲ್ಲಿ ಅಮೆರಿಕದ ಸೆನೆಟರ್ ಜಿಮ್ ಇನ್‌ಹೋಫ್ ಸದನಕ್ಕೆ ಒಂದು ಹಿಮದ ಉಂಡೆ ತಂದು, ಹೊರಗೆ ಇಷ್ಟು ಚಳಿಯಿರುವಾಗ ಭೂಮಿ ಬಿಸಿಯಾಗುವುದು ಹೇಗೆ ಎಂದು ವಾದಿಸಿ ಅದನ್ನು ಎಸೆದರು. ಪ್ರತಿ ಶೀತಗಾಳಿಯ ಹೊತ್ತಿಗೂ ಈ ವಾದ ಹೊಸ ರೂಪದಲ್ಲಿ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಿಗೂ ಬಂದು ತಲುಪುತ್ತದೆ. ಅದಕ್ಕೆ ಉತ್ತರ ಕೊಡಲು ಜೆಟ್ ಸ್ಟ್ರೀಮ್‌ನ ವಿವಾದಿತ ಸಿದ್ಧಾಂತದ ಆಸರೆ ಬೇಕಿಲ್ಲ. ಒಂದು ಊರಿನ ಒಂದು ವಾರದ ಹವೆ ಬೇರೆ, ಇಡೀ ಭೂಮಿಯ ದಶಕಗಳ ಸರಾಸರಿ ಬೇರೆ. ಅದಕ್ಕಿಂತ ಮುಖ್ಯವಾಗಿ, ಚಳಿಯ ತವರೇ ಬೆಚ್ಚಗಾಗುತ್ತಿದೆ. ಉತ್ತರದಿಂದ ಬೀಸುವ ಗಾಳಿ ಹಿಂದಿಗಿಂತ ಕಡಿಮೆ ತಣ್ಣಗಿರುವುದರಿಂದ ಮಧ್ಯ ಅಕ್ಷಾಂಶಗಳಲ್ಲಿ ತಾಪಮಾನದ ದಿಢೀರ್ ಏರಿಳಿತ ತಗ್ಗುತ್ತಿದೆ ಎಂದು ಜೇಮ್ಸ್ ಸ್ಕ್ರೀನ್ 2014ರಲ್ಲೇ ತೋರಿಸಿದ್ದರು. ಕಡುಚಳಿಯ ದಿನಗಳು ಉತ್ತರ ಗೋಳಾರ್ಧದ ಬಹುತೇಕ ಕಡೆ ಕಡಿಮೆಯಾಗುತ್ತಿವೆ. ಹಿಮದ ವಿಷಯ ಮಾತ್ರ ಸ್ವಲ್ಪ ಬೇರೆ. ತಾಪಮಾನ ಸೊನ್ನೆಗಿಂತ ಕೆಳಗೇ ಉಳಿಯುವ ಜಾಗಗಳಲ್ಲಿ, ಗಾಳಿಯಲ್ಲಿ ತೇವ ಹೆಚ್ಚಿದರೆ ಒಂದೇ ಸಲಕ್ಕೆ ಬೀಳುವ ಹಿಮ ಹೆಚ್ಚಬಹುದು. ಪಲ್ಲಾಸ್‌ನ ಅಳತೆ ಹೇಳುವುದೂ ಇದನ್ನೇ. ಚಳಿ ಕಡಿಮೆ, ಹಿಮ ಹೆಚ್ಚು ಎಂಬ ಈ ಜೋಡಿ ಮೇಲುನೋಟಕ್ಕೆ ವಿಚಿತ್ರವೆನಿಸಿದರೂ ಅದರಲ್ಲಿ ವಿರೋಧವಿಲ್ಲ.

ದಕ್ಷಿಣ ಧ್ರುವದ ಮಾತು ಬೇರೆ. ಅಲ್ಲಿ ನಡುವೆ ಖಂಡ, ಸುತ್ತ ಸಮುದ್ರ. ದಶಕಗಳ ಕಾಲ ಅಲ್ಲಿನ ಸಮುದ್ರದ ಗಡ್ಡೆ ಕಡಿಮೆಯಾಗಿರಲಿಲ್ಲ, ತುಸು ಹೆಚ್ಚೇ ಆಗಿತ್ತು. 2016ರಿಂದ ದಿಢೀರನೆ ಇಳಿಯಿತು. 2023ರ ಸೆಪ್ಟೆಂಬರ್‌ನಲ್ಲಿ, ಅಲ್ಲಿನ ಚಳಿಗಾಲದ ತುದಿಯಲ್ಲಿ, ಅದರ ವಿಸ್ತೀರ್ಣ ಹಿಂದಿನ ಕನಿಷ್ಠ ದಾಖಲೆಗಿಂತಲೂ ಸುಮಾರು 10 ಲಕ್ಷ ಚದರ ಕಿಲೋಮೀಟರ್ ಕಡಿಮೆಯಿತ್ತು. ದಕ್ಷಿಣದ ಊರುಗಳ ಚಳಿಗಾಲಕ್ಕೆ ಇದರಿಂದ ಏನಾಗುತ್ತದೆಂಬ ಅಧ್ಯಯನ ಈಗಷ್ಟೇ ಚುರುಕಾಗುತ್ತಿದೆ.

ನಮ್ಮ ದೇಶದ ಚಳಿಗಾಲಕ್ಕೆ ಆರ್ಕ್ಟಿಕ್‌ನೊಂದಿಗೆ ಇರುವ ಸಂಬಂಧ ಬಹಳ ಸುತ್ತುಬಳಸಿನದು. ಚಳಿಗಾಲದಲ್ಲಿ ಹಿಮಾಲಯದ ದಕ್ಷಿಣಕ್ಕೆ ಹರಿಯುವುದು ಉಪೋಷ್ಣವಲಯದ ಜೆಟ್, ಧ್ರುವದ ಪಕ್ಕದ್ದಲ್ಲ. ಮೆಡಿಟರೇನಿಯನ್ ಕಡೆಯಿಂದ ಬಂದು ಕಾಶ್ಮೀರಕ್ಕೆ ಹಿಮವನ್ನೂ ಪಂಜಾಬಿನ ಗೋಧಿಗೆ ಮಳೆಯನ್ನೂ ಕೊಡುವ ವೆಸ್ಟರ್ನ್ ಡಿಸ್ಟರ್ಬೆನ್ಸ್‌ಗಳು ಈ ಜೆಟ್ಟನ್ನೇ ಹಿಡಿದು ಸಾಗುತ್ತವೆ. ಸೈಬೀರಿಯಾದ ಶೀತಗಾಳಿಯನ್ನು ಹಿಮಾಲಯ ತಡೆದು ನಿಲ್ಲಿಸುವುದರಿಂದ ಚೀನಾ, ಕೊರಿಯಾಗಳಿಗೆ ನೇರವಾಗಿ ಬಡಿಯುವ ಧ್ರುವದ ಚಳಿ ನಮ್ಮಲ್ಲಿಗೆ ಹಾಗೆ ಬರಲಾರದು. ಬೀದರ್, ವಿಜಯಪುರಗಳಲ್ಲಿ ಡಿಸೆಂಬರ್‌ನ ಕೆಲವು ರಾತ್ರಿ ಮೈ ಕೊರೆಯುವ ಚಳಿ ಬೀಳುವುದು ಉತ್ತರದ ಒಣಗಾಳಿಯಿಂದ, ಮೋಡವಿಲ್ಲದ ಆಕಾಶಕ್ಕೆ ನೆಲದ ಶಾಖ ಹಾರಿಹೋಗುವುದರಿಂದ. ಅದನ್ನು ಆರ್ಕ್ಟಿಕ್‌ನ ಲೆಕ್ಕಕ್ಕೆ ಬರೆಯಲು ಆಧಾರವಿಲ್ಲ. ನಮಗೆ ಇರಬಹುದಾದ ನಂಟನ್ನು ನಮ್ಮ ಸಂಶೋಧಕರು ಹುಡುಕುತ್ತಿರುವುದು ಮುಂಗಾರಿನಲ್ಲಿ. ಕಾರಾ ಸಮುದ್ರದ ಬೇಸಿಗೆ ಗಡ್ಡೆ ಕಡಿಮೆಯಾದ ವರ್ಷಗಳಿಗೂ ಮಧ್ಯ ಭಾರತದಲ್ಲಿ ಮುಂಗಾರಿನ ಕೊನೆಗೆ ಸುರಿಯುವ ಅತಿಮಳೆಗೂ ಸಂಬಂಧವಿರಬಹುದೆಂದು ಗೋವಾದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2021ರಲ್ಲಿ ಸೂಚಿಸಿದ್ದಾರೆ. ಅಲ್ಲೂ ಅದೇ ಪ್ರಶ್ನೆ ಏಳುತ್ತದೆ: ಗಡ್ಡೆ ಕಾರಣವೋ, ಎರಡಕ್ಕೂ ಬೇರೊಂದು ಕಾರಣವೋ?

ಆ ಕೇಂದ್ರವೇ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸಮೂಹದ ನ್ಯೂ-ಅಲೆಸುಂಡ್‌ನಲ್ಲಿ 2008ರಿಂದ ‘ಹಿಮಾದ್ರಿ’ ನೆಲೆಯನ್ನು ನಡೆಸುತ್ತಿದೆ. ಉತ್ತರ ಧ್ರುವ ಅಲ್ಲಿಂದ ಸುಮಾರು 1,200 ಕಿಲೋಮೀಟರ್. ಎದುರಿಗಿರುವ ಕಾಂಗ್ಸ್‌ಫ್ಯೋರ್ಡ್ ಎಂಬ ಕಡಲ ಕವಲಿನಲ್ಲಿ 2006ರ ಈಚೆಗೆ ಚಳಿಗಾಲದ ಗಡ್ಡೆ ಬಹಳ ಕಡಿಮೆಯಾಗಿದೆ, ಅಟ್ಲಾಂಟಿಕ್‌ನ ಬೆಚ್ಚನೆಯ ನೀರು ಒಳಗೆ ನುಗ್ಗುತ್ತಿದೆ. ಅದರ ಆಳದಲ್ಲಿ 2014ರಿಂದ ಭಾರತದ ‘ಇಂಡ್‌ಆರ್ಕ್’ ಉಪಕರಣ ನೀರಿನ ತಾಪಮಾನ ಮತ್ತು ಉಪ್ಪಿನಂಶವನ್ನು ದಾಖಲಿಸುತ್ತಿದೆ. ಮೊದಲು ನಮ್ಮವರು ಬೇಸಿಗೆಯಲ್ಲಿ ಮಾತ್ರ ಅಲ್ಲಿಗೆ ಹೋಗುತ್ತಿದ್ದರು. 2023ರ ಡಿಸೆಂಬರ್‌ನಲ್ಲಿ ಮೊದಲ ಬಾರಿಗೆ ಚಳಿಗಾಲದ ತಂಡ ಹೊರಟಿತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಅದರಲ್ಲಿದ್ದರು. ಡಿಸೆಂಬರ್ ಎಂದರೆ ಅಲ್ಲಿ ಇಡೀ ತಿಂಗಳು ಸೂರ್ಯ ಹುಟ್ಟುವುದಿಲ್ಲ. ಬೇಸಿಗೆ ಕೂಡಿಟ್ಟ ಶಾಖವನ್ನು ತೆರೆದ ನೀರು ಗಾಳಿಗೆ ಬಿಡುತ್ತಿದೆಯೋ, ಇಲ್ಲ ದಕ್ಷಿಣದಿಂದ ಬಂದ ಗಾಳಿಯೇ ನೀರನ್ನು ಬೆಚ್ಚಗಿಡುತ್ತಿದೆಯೋ ಎಂಬುದನ್ನು ಅಳೆದು ನೋಡಬಹುದಾದ ತಿಂಗಳುಗಳು ಅವೇ. ಮೋರಿ ಮತ್ತು ಬ್ಲ್ಯಾಕ್‌ಪೋರ್ಟ್ ನಡುವಿನ ವಾದ ನಿಂತಿರುವುದೂ ಆ ತಿಂಗಳುಗಳ ಅಳತೆಯ ಮೇಲೆ.